ಶೀಟಿನ ಮೇಲೆ ಹಾಸಿದ ಕೌದಿ

ಜೂನ್ 8, ರವಿವಾರ

ಅಂಗಳಕ್ಕೆ ಕೊನೆಗೂ ನೆರಳು ಬಂತು. ಇವರು ಹುಬ್ಬಳ್ಳಿಯಿಂದ ಹಸಿರು ಪ್ಲಾಸ್ಟಿಕ್ ಶೀಟು ತಂದು, ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿ, ಎರಡು ದಿನ ನಿಚ್ಚಣಿಕೆ ಹತ್ತಿ ಇಳಿದು ತಾವೇ ಕೂರಿಸಿದರು. ಊರಲ್ಲೇ ಮಾಂತೇಶನ ವೆಲ್ಡಿಂಗ್ ಅಂಗಡಿ ಇದೆ, ಅವನನ್ನು ಕರೆಯೋಣ ಎಂದರೆ, "ನಾಕ ಸ್ಕ್ರೂ ತಿರುವಾಕ ಅಂವ ಯಾಕ ಬೇಕು?" ಎಂದರು. ಸೊಸೈಟಿಯಲ್ಲಿ ಮೂವತ್ತು ವರ್ಷ ಕುರ್ಚಿ ಬಿಟ್ಟು ಏಳದ ಮನುಷ್ಯ ಈ ವಯಸ್ಸಿನಲ್ಲಿ ಮಿಸ್ತ್ರಿಯಾಗಲು ಹೊರಟರೆ ಹೆಂಡತಿ ಕೆಳಗೆ ನಿಂತು ನಿಚ್ಚಣಿಕೆ ಹಿಡಿಯಬೇಕು, ಅಷ್ಟೇ.

ಮಗಳು ಸೌಂದರ್ಯಾಳಿಗೆ ಜುಲೈ ಮೂರನೇ ವಾರಕ್ಕೆ ದಿನ ತುಂಬುತ್ತದೆ. ಚೊಚ್ಚಲು. ಹೆರಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಬಾಣಂತನ ಇಲ್ಲಿ ಮೊರಬದಲ್ಲಿ. ಬಾಣಂತಿಯ ಕೋಣೆಯ ಬಾಗಿಲು ಅಂಗಳಕ್ಕೇ ತೆರೆಯುತ್ತದೆ, ಕೂಸಿಗೆ ನೀರು ಎರೆಯುವ ಕಲ್ಲೂ ಅಲ್ಲೇ. ಮಗಳಿಗೆ, ಕೂಸಿಗೆ ಮಳೆ ಬಿಸಿಲು ತಾಗಬಾರದೆಂದೇ ಈ ಸಂಭ್ರಮವೆಲ್ಲ.

ಸಂಜೆ ಹತ್ತು ನಿಮಿಷ ಮಳೆ ಬಂತು. ಡಬ್ಬಿಯಲ್ಲಿ ಕಡಲೆ ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿದ ಹಾಗೆ ಸಪ್ಪಳ. ಎದುರಿಗೆ ಕೂತ ಇವರು ಏನೋ ಹೇಳುತ್ತಿದ್ದರು, ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಮಳೆ ನಿಂತ ಮೇಲೆ ಏನಂದ್ರಿ ಎಂದು ಕೇಳಿದೆ. "ಏನೂ ಸಪ್ಪಳಿಲ್ಲ ನೋಡು ಅಂದ್ನಿ" ಎಂದರು.

ಜೂನ್ 12, ಗುರುವಾರ

ಮಳೆ ಇಲ್ಲದಾಗಲೂ ಈ ಶೀಟು ಬಾಯಿ ಮುಚ್ಚುವುದಿಲ್ಲ. ಬಿಸಿಲು ಏರಿದರೆ ಕಟ್ ಕಟ್ ಎಂದು ಸಿಡಿಯುತ್ತದೆ. ಮೋಡ ಬಂದು ತಣ್ಣಗಾದರೆ ಮತ್ತೆ ಕಟ್ ಕಟ್. ಗಾಳಿ ಬೀಸಿದರೆ ಶೀಟುಗಳು ಒಂದಕ್ಕೊಂದು ಹೊಡೆದುಕೊಳ್ಳುತ್ತವೆ. ಬಾಜು ಮನೆಯ ಮೈಮುನಬಿ ಗೋಡೆಯ ಮೇಲಿಂದ ಕತ್ತು ಚಾಚಿ, "ಅಕ್ಕೋರ, ಪಂಚಮಿ ಇನ್ನೂ ದೂರ ಐತಿ, ಈಗ್ಲೇ ಜ್ವಾಳದ ಅಳ್ಳ ಹುರಿಯಾಕತ್ತೀರೇನ್ರಿ?" ಎಂದಳು. ಅವಳ ಮುಂದೆ ನಕ್ಕೆ, ಒಳಗೆ ಬಂದು ಇವರ ಮೇಲೆ ಹರಿಹಾಯ್ದೆ. ಎಳೆ ಕೂಸು ಈ ಸದ್ದಿನಲ್ಲಿ ಹೇಗೆ ಮಲಗೀತು?

ಇವರು ಮತ್ತೆ ಹತ್ತಿ ಎಲ್ಲ ಸ್ಕ್ರೂಗಳನ್ನು ಇನ್ನೂ ಬಿಗಿ ಮಾಡಿದರು. ಸದ್ದು ಹೆಚ್ಚಾಯಿತು.

ಜೂನ್ 15, ರವಿವಾರ

ಫಕೀರವ್ವ ಬಂದಿದ್ದಳು. ವೆಲ್ಡಿಂಗ್ ಮಾಂತೇಶನ ತಾಯಿ. ಸೌಂದರ್ಯಾ ಹುಟ್ಟಿದಾಗ ತಿಂಗಳಿಡೀ ಎಣ್ಣೆ ಹಚ್ಚಿ ಎರೆದವಳು ಇವಳೇ. ಈಗ ವಯಸ್ಸಾಗಿದೆ, ಆದರೂ ಕಳೆ ತೆಗೆಯಲು ಹೋಗುತ್ತಾಳೆ, ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ಅವಳೇ ಬೇಕು. ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಅವಳು ಯಾವಾಗಲೂ ಕೂಡುವುದು ಅಲ್ಲೇ.

"ನಮ್ಮ ಸೌಂದರ್ಯಾನ ಕೂಸಿಗೂ ನಾನ ಎರೀತೀನ್ರಿ ಅಕ್ಕೋರ. ಬ್ಯಾರೆ ಯಾರಿಗೂ ಹೇಳಬ್ಯಾಡ್ರಿ."

"ನಿನ್ನ ಬಿಟ್ಟ ಯಾರನ್ನ ಕರೀಲಿ ಬೇ?" ಎಂದೆ.

ಹೋಗಲು ಎದ್ದವಳು ನಿಂತು ಕೇಳಿದಳು: "ಆಕಿ ಹುಟ್ಟಿದಾಗ ಒಂದ ಸಣ್ಣ ಕೌದಿ ಹೊಲ್ದ ಕೊಟ್ಟಿದ್ದೆ. ನೆನಪೈತೇನ್ರಿ? ಏನಾತ್ರಿ ಅದು?"

ನೆನಪಿತ್ತು. ತನ್ನ ಮದುವೆಯ ಸೀರೆಯನ್ನೇ ಕತ್ತರಿಸಿ, ಕೆಂಪು ಹಸಿರು ತುಂಡು ಕೂಡಿಸಿ, ಇರುವೆ ಸಾಲಿನಂಥ ಹೊಲಿಗೆ ಹಾಕಿದ್ದಳು. ನಮ್ಮ ಅತ್ತೆ ಗುರವ್ವ ಅದನ್ನು ತೆಗೆದುಕೊಂಡು ಅಟ್ಟಕ್ಕೆ ಸೇರಿಸಿದರು. ಕೂಸನ್ನು ಒಂದು ದಿನವೂ ಅದರ ಮೇಲೆ ಮಲಗಿಸಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾನಾಗ ಸಣ್ಣವಳು, ಮಾತಾಡುವ ಹಾಗಿರಲಿಲ್ಲ. ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಕೌದಿ ಅಲ್ಲೇ ಇದೆ. ಇದನ್ನೆಲ್ಲ ಈಗ ಆ ಮುದುಕಿಯ ಮುಂದೆ ಹೇಳಲಾಗುತ್ತದೆಯೇ?

"ಹಾಸಿ ಹಾಸಿ ಹರದ ಹೋತವ್ವಾ. ಅದ ಇಲ್ಲದ ಮಲಗತಿದ್ದಿಲ್ಲ ಆ ಹುಡಿಗಿ" ಎಂದೆ.

ಅವಳ ಮುಖ ಅರಳಿತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಂದು ಮಾತಿನಿಂದ ಒಬ್ಬರಿಗೆ ಇಷ್ಟು ಸಂತೋಷವಾದರೆ ಆ ಮಾತಿನಲ್ಲಿ ತಪ್ಪೇನಿದೆ? ಶಾಲೆಯಲ್ಲಿ ಮಕ್ಕಳಿಗೆ ದಿನಾ ಸತ್ಯ ಹೇಳಿರಿ ಎಂದು ಪಾಠ ಮಾಡುವವಳು ನಾನು, ಅದು ನಿಜ. ಆದರೆ ಅದು ಬೇರೆ.

ಜೂನ್ 22, ರವಿವಾರ

ಶೀಟಿನ ಮೇಲೆ ಏನಾದರೂ ಮೆತ್ತಗಿನದು ಹಾಸಿದರೆ ಸದ್ದು ಇಳಿಯುತ್ತದೆಂದು ಇವರ ಹೊಸ ಶೋಧ. ಗೋಣಿಚೀಲ ಹಾಕಿದರು, ಸಾಲಲಿಲ್ಲ. "ಅಟ್ಟದ ಮ್ಯಾಲಿನ ಹಳೆ ಹಾಸಗಿ ಎಲ್ಲಾ ಇಳಸು" ಎಂದರು. ನಾನು ಒಂದೊಂದಾಗಿ ಎತ್ತಿ ಕೊಟ್ಟೆ. ಹರಿದ ಜಮಖಾನೆ, ಅತ್ತೆಯ ತಲೆದಿಂಬು, ಹತ್ತಿ ಗಂಟುಗಟ್ಟಿದ ಗಾದಿ. ಕೊನೆಗೆ ಕೈಗೆ ಬಂದದ್ದು ಹಳೆ ಪಂಜೆಯಲ್ಲಿ ಸುತ್ತಿದ ಆ ಸಣ್ಣ ಕೌದಿ. ಹಿಡಿದುಕೊಂಡು ಸ್ವಲ್ಪ ನಿಂತೆ. "ಅದನ್ನೂ ಕೊಡು, ಬಾಗಲ ಮ್ಯಾಲ ಒಂದೀಟು ಸಾಲವಲ್ದು" ಎಂದು ಮೇಲಿನಿಂದ ಕೂಗಿದರು.

ಹರಿದುಹೋಯಿತೆಂದು ಹೇಗೂ ಹೇಳಿದ್ದಾಗಿದೆ. ಇನ್ನು ಅದು ಮನೆಯಲ್ಲಿದ್ದು ಯಾರ ಕಣ್ಣಿಗಾದರೂ ಬಿದ್ದರೆ ಪಂಚಾಯಿತಿ. ಕೊಟ್ಟೆ. ಎಲ್ಲದರ ಮೇಲೆ ತಾಡಪತ್ರಿ ಹೊದಿಸಿ ಕಲ್ಲು ಹೇರಿದರು.

ಸಂಜೆಯ ಮಳೆಗೆ ಸದ್ದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗಂಡ ಹೆಂಡತಿ ಪಿಸುಮಾತು ಆಡಬಹುದಿತ್ತು. ಆಡಲಿಲ್ಲ, ಆ ಮಾತು ಬೇರೆ.

ಜುಲೈ 2, ಬುಧವಾರ

ಶಾಲೆಯಲ್ಲಿ ಬಿಸಿಯೂಟ ಮಾಡುವ ಮಲ್ಲಮ್ಮ ಫಕೀರವ್ವನ ಓಣಿಯವಳು. ಇವತ್ತು ನನ್ನ ತಟ್ಟೆಗೆ ಒಂದು ಸೌಟು ಸಾರು ಹೆಚ್ಚೇ ಹಾಕಿ, "ಫಕೀರವ್ವ ಓಣಿ ತುಂಬಾ ಹೇಳಾಕತ್ತಾಳ್ರಿ ಅಕ್ಕೋರ. ಆಕಿ ಕೌದಿ ಹರಿಯೂತನಾ ಹಾಸಿದ್ರಂತ. ನಿಮ್ಮಂಥಾ ಮಂದಿ ಕಡಿಮಿ ಬಿಡ್ರಿ" ಎಂದಳು.

ಏನೋ ಒಂದೆರಡು ಮಾತಾಡಿ ಜಾರಿಕೊಂಡೆ. ಸುಳ್ಳು ಹೇಳಬಾರದು, ಕೇಳಲು ಹಿತವಾಗಿಯೇ ಇತ್ತು. ಮನೆಗೆ ಬರುವಾಗ ಆ ಓಣಿಯ ಹೆಂಗಸರು ನಕ್ಕು ಮಾತಾಡಿಸಿದರು. ನಾನೂ ನಿಂತು ಮಾತಾಡಿ ಬಂದೆ.

ಜುಲೈ 9, ಬುಧವಾರ

ಬರೆಯುವುದು ಬೇಡವೆಂದು ಎರಡು ಸಲ ಪುಸ್ತಕ ಮುಚ್ಚಿಟ್ಟೆ.

ಮಧ್ಯಾಹ್ನ ಆಷಾಢದ ಗಾಳಿ ಎದ್ದಿತ್ತು, ಶಾಲೆಯ ಕಿಟಕಿಗಳು ಬಡಿದುಕೊಳ್ಳುತ್ತಿದ್ದವು. ಮನೆಗೆ ಬಂದು ನೋಡಿದರೆ ತಾಡಪತ್ರಿ ಹಾರಿ ಬೀದಿಯ ಬೇವಿನ ಮರಕ್ಕೆ ಸಿಕ್ಕಿಕೊಂಡಿತ್ತು. ಜಮಖಾನೆ, ಗೋಣಿಚೀಲ ಎಲ್ಲ ಚೆಲ್ಲಾಪಿಲ್ಲಿ. ಕಟ್ಟೆಯ ಮೇಲೆ ಕೌದಿ ಇತ್ತು. ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ ಮಾಡಿ, ಒಪ್ಪವಾಗಿ ಮಡಚಿಟ್ಟಿತ್ತು.

ಮೈಮುನಬಿ ಗೋಡೆಯ ಹತ್ತಿರ ಬಂದಳು. "ಬೀದ್ಯಾಗ ಕೆಸರಾಗ ಬಿದ್ದಿತ್ರಿ ಅದು. ಮಂದಿ ಎಲ್ಲಾ ದಾಟಕೊಂಡ ಹೊಂಟಿದ್ರು. ಫಕೀರವ್ವ ಹೊಲದಿಂದ ಬರಾಕತ್ತಿದ್ಲು, ಎತ್ತಿ ಜಾಡಿಸಿದ್ಲು. ಭಾಳೊತ್ತ ನೋಡಕೋತ ನಿಂತಿದ್ಲು. ಕೆಸರ ತನ್ನ ಸೆರಗಿಲೆ ಒರಿಸಿ, ಮಡಚಿ ಇಟ್ಟು ಹೋದ್ಲು. ಯಾರದಬೇ ಅದು ಅಂತ ನಾ ಕೇಳಿದ್ರ, 'ಅಕ್ಕೋರದು' ಅಂದ್ಲು."

ಒಳಗೆ ತಂದು ಬಿಚ್ಚಿ ನೋಡಿದೆ. ಒಂದು ಮೂಲೆಯಲ್ಲಿ ಕೆಸರಿನ ಕಲೆ, ಅಷ್ಟೇ. ಎಲ್ಲಿಯೂ ಒಂದು ಎಳೆ ಸವೆದಿಲ್ಲ. ಕೆಂಪು ಕೆಂಪಾಗಿಯೇ ಇದೆ, ಹಸಿರು ಹಸಿರಾಗಿಯೇ ಇದೆ. ಹಾಸಿ ಹಾಸಿ ಹರಿದುಹೋದ ಕೌದಿ! ಅವಳು ನೋಡುವಾಗ ಅವಳ ಮುಖ ಹೇಗಿತ್ತೆಂದು ಮೈಮುನಬಿಯನ್ನು ಕೇಳುವ ಧೈರ್ಯವಾಗಲಿಲ್ಲ.

ಜುಲೈ 10, ಗುರುವಾರ

ಶಾಲೆಗೆ ಕೆರೆಯ ದಾರಿಯಿಂದ ಹೋದೆ. ಸುತ್ತಾಗುತ್ತದೆ, ಆದರೆ ಆ ಓಣಿ ಸಿಗುವುದಿಲ್ಲ.

ಜುಲೈ 13, ರವಿವಾರ

ಕೌದಿ ಒಗೆದು ಒಳಕೋಣೆಯಲ್ಲೇ ಹಗ್ಗ ಕಟ್ಟಿ ಒಣಹಾಕಿದೆ. ಹೊರಗೆ ಹಾಕಿದರೆ ಯಾರಾದರೂ ನೋಡುತ್ತಾರೆ. ನೋಡಬೇಕಾದವರು ನೋಡಿಯಾಗಿದೆ, ಆದರೂ.

ಶೀಟಿನ ಮೇಲೆ ಮತ್ತೆ ಏನನ್ನೂ ಹಾಸಲು ನಾನು ಬಿಡಲಿಲ್ಲ. ಸದ್ದು ಹಿಂದಿನಂತೆಯೇ ಶುರುವಾಗಿದೆ. ಮಲ್ಲಮ್ಮ ಉಪ್ಪು ಹುಳಿಯ ಮಾತು ಬಿಟ್ಟು ಬೇರೆ ಮಾತಾಡುತ್ತಿಲ್ಲ.

ಜುಲೈ 19, ಶನಿವಾರ

ಹೆಣ್ಣು ಕೂಸು. ತಾಯಿ ಮಗು ಕ್ಷೇಮ. ಹುಬ್ಬಳ್ಳಿಗೆ ಹೋಗಿ ನೋಡಿ ಬಂದೆವು, ಹಣೆ ಥೇಟು ಸೌಂದರ್ಯಾಳದು. ಸ್ವಲ್ಪ ಕಾಮಾಲೆ ಇದೆ, ಹತ್ತು ದಿನ ಅಲ್ಲೇ ಇರಲಿ ಎಂದಿದ್ದಾರೆ ಡಾಕ್ಟರು.

ಗುರುತಿನವರೆಲ್ಲ ಬಂದು ಸಕ್ಕರೆ ತಿಂದು ಹೋದರು. ಒಬ್ಬಳು ಬರಲಿಲ್ಲ.

ಜುಲೈ 23, 24

ಸೌಂದರ್ಯಾ ಫೋನ್ ಮಾಡಿದ್ದಳು. "ಅವ್ವಾ, ಫಕೀರವ್ವಾಯಿಗೆ ಹೇಳೀಯಿಲ್ಲೋ? ಆಕಿ ಎರೀಲಿಲ್ಲಂದ್ರ ನಾ ಊರಿಗೆ ಬರಂಗಿಲ್ಲ ನೋಡು." "ಆಕಿಗೆ ಮಣಕಾಲ ಬ್ಯಾನಿ ಐತಿ, ಬರಾಕ ಆಗಂಗಿಲ್ಲಂತ" ಎಂದೆ. ತಡವರಿಸದೆ ಹೇಳಿದೆ. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು ಎಷ್ಟು ಸಲೀಸಾಗಿ ಬರುತ್ತದೆ!

ಇವರಿಗೆ ಎಲ್ಲ ಹೇಳಿದೆ. "ಒಂದ ಹಳೆ ಅರಬಿ ತುಂಡಿನ ಸಲುವಾಗಿ ಇಷ್ಟ್ಯಾಕ ಹಚ್ಚಕೊಂತಿ? ಬ್ಯಾರೆ ಯಾರನ್ನರ ಕರಸೂಣು" ಎಂದರು. ಬೇರೆ ಯಾರನ್ನೋ ಕರೆಸಬಹುದು. ಆದರೆ ಫಕೀರವ್ವ ಯಾಕೆ ಬರಲಿಲ್ಲವೆಂದು ಊರು ಕೇಳುವುದಿಲ್ಲವೇ? ಹೀಗೆ ಬರೆದು ನೋಡಿದರೆ ಇದೂ ನನ್ನ ಚಿಂತೆಯೇ, ಅವಳದಲ್ಲ.

ಜುಲೈ 26, ಶನಿವಾರ

ಸದ್ದು ತಡೆಯಲಾಗದೆ ಇವರೇ ಸೋತು ಮಾಂತೇಶನಿಗೆ ಫೋನ್ ಮಾಡಿದ್ದರು. ಅವನು ಬರುವುದಿಲ್ಲವೆಂದುಕೊಂಡಿದ್ದೆ. ಬೆಳಿಗ್ಗೆ ಎಂಟಕ್ಕೇ ಬಂದ. ನಾಲ್ಕನೇ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಕಲಿತವನು, ಈಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ.

ನಿಚ್ಚಣಿಕೆ ಹತ್ತಿ ನೋಡಿ, "ಯಾರ್ರಿ ಇದನ್ನ ಕುಂದರಿಸಿದವರು?" ಎಂದ. ಇವರು ಪೇಪರ್ ಓದತೊಡಗಿದರು.

"ಸ್ಕ್ರೂ ಶೀಟಿನ ತಗ್ಗಿನ್ಯಾಗ ಹೊಡದಾರ್ರಿ, ಉಬ್ಬಿನ ಮ್ಯಾಲೆ ಹೊಡೀಬೇಕಿತ್ತು. ತೂತ ಸಣ್ಣು, ಮ್ಯಾಲೆ ಬಿಗಿ ಬ್ಯಾರೆ. ಬಿಸಲಿಗೆ ಈ ಪ್ಲಾಸ್ಟಿಕ್ ಪತ್ರಾಸ ಹಿಗ್ಗತೈತ್ರಿ ಅಕ್ಕೋರ, ಅದಕ್ಕ ಜಾಗಾ ಬೇಕು. ಜಾಗಾ ಇಲ್ಲಂದ್ರ ಸಿಡೀತೈತಿ."

ಇಡೀ ದಿನ ಕೆಲಸ ಮಾಡಿದ. ತೂತುಗಳನ್ನು ದೊಡ್ಡದು ಮಾಡಿ, ರಬ್ಬರ್ ವಾಶರ್ ಹಾಕಿ, ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲ ಬಿಟ್ಟ. ಹಳೆ ಸೈಕಲ್ ಟ್ಯೂಬ್ ಸೀಳಿ ಶೀಟು ಹೊತ್ತ ಕಬ್ಬಿಣದ ಪೈಪುಗಳ ಮೇಲೆ ಮೆತ್ತೆ ಕೊಟ್ಟ. ನಡುವೆ ಇನ್ನೆರಡು ಪೈಪು ಕೂಡಿಸಿದ. ಶೀಟಿನ ಕೆಳಗೆ ಬಿದಿರಿನ ತಟ್ಟಿ ಕಟ್ಟಿದ. "ಮಳಿ ಸಪ್ಪಳ ಪೂರಾ ಹೋಗಂಗಿಲ್ರಿ. ಕೂಸ ಮಲಗುವಷ್ಟ ಇಳೀತೈತಿ."

ಚಹಾ ಕುಡಿಯುವಾಗ ಕೇಳಿಯೇಬಿಟ್ಟೆ, ಹೇಗಿದ್ದಾಳೆ ನಿಮ್ಮವ್ವ ಎಂದು.

"ಆರಾಮ ಅದಾಳ್ರಿ. ಅಣ್ಣಿಗೇರ್ಯಾಗ ನಂದೊಂದ ದೊಡ್ಡ ಕೆಲಸ ಇತ್ತು. ಅವ್ವನ ಅಂದ್ಲು, ಅದು ಆಮ್ಯಾಲೆ, ಮೊದ್ಲ ಅಕ್ಕೋರ ಮನಿಗೆ ಹೋಗು, ಬಾಣಂತಿ ಬರತಾಳ ಅಂತ."

ಅವನು ತಲೆ ತಗ್ಗಿಸಿಯೇ ಹೇಳಿದ. ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತೆ. ಬೈದು ಕಳಿಸಿದ್ದರೂ ಇಷ್ಟು ಅಳು ಬರುತ್ತಿರಲಿಲ್ಲ.

ಜುಲೈ 27, ರವಿವಾರ

ಹೋಗಿ ಬಂದೆ. ಎಲ್ಲವನ್ನೂ ಬರೆಯುತ್ತೇನೆ.

ಫಕೀರವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು, "ಅಕ್ಕೋರಿಗೆ ಕುರ್ಚಿ ತರ್ರಿ" ಎಂದು ಒಳಗೆ ಕೂಗಿದಳು. ಕುರ್ಚಿ ಬಂತು. ನಾನು ಕುರ್ಚಿಯ ಮೇಲೆ, ಅವಳು ನೆಲದ ಮೇಲೆ. ಒಗೆದ ಕೌದಿ ನನ್ನ ಚೀಲದಲ್ಲಿತ್ತು.

"ನನ್ನಿಂದ ತಪ್ಪಾತು ಫಕೀರವ್ವಾ. ಅತ್ತಿ ಅದನ್ನ ಅಟ್ಟದ ಮ್ಯಾಲೆ ಇಟ್ಟಿದ್ರು, ನಾ..."

"ಗೊತ್ತೈತ್ರಿ" ಎಂದಳು. ಮೊರದಿಂದ ಕೈ ತೆಗೆಯಲಿಲ್ಲ. "ಗುರವ್ವಕ್ಕಾರು ಆವತ್ತ ನನ್ನ ಮುಖದ ಮುಂದ ಹೇಳಿದ್ರು. 'ಚಲೋ ಹೊಲ್ದೀ ಬೇ, ಆದ್ರ ನಿಮ್ಮ ಮನಿ ಅರಬಿ ನಮ್ಮ ಕೂಸಿಗೆ ಹಾಸಾಕ ಬರಂಗಿಲ್ಲ, ಇಟ್ಟಿರತೀನಿ' ಅಂದ್ರು. ಹೊಟ್ಯಾಗ ಬೆಂಕಿ ಬಿದ್ದಂಗಾಗಿತ್ತು. ಮರುದಿನ ಬಂದು ಕೂಸಿಗೆ ಎರದ್ನಿ. ಕೂಸ ಏನ್ ಮಾಡಿತ್ತು?"

"ಗೊತ್ತಿದ್ದು ಮತ್ತ ಆವತ್ತ ಯಾಕ ಕೇಳಿದಿ?"

"ಅವರು ಹೋಗಿ ಇಷ್ಟ ವರ್ಷಾತು, ನೀವ ಏನ್ ಮಾಡಿದ್ರಿ ಅಂತ ಕೇಳಿದ್ನಿ. ಹಾಸಿ ಹಾಸಿ ಹರೀತು ಅಂದ್ರಿ. ಸಣ್ಣ ವಯಸ್ಸಿನ ಸೊಸಿ, ಅತ್ತಿ ಕಣ್ಣ ತಪ್ಪಿಸಿ ಅಟ್ಟದಿಂದ ಇಳಿಸಿ ಹಾಸ್ಯಾಳ ಅಂತ ತಿಳಕೊಂಡ್ನಿ. ನನ್ನ ಸಲುವಾಗಿ ಅಷ್ಟ ಮಾಡ್ಯಾಳ ಅಂತ." ಇಲ್ಲಿ ಫಕೀರವ್ವ ಮೊರ ಕೆಳಗಿಟ್ಟರು. "ಓಣಿ ತುಂಬಾ ಹೇಳಕೋತ ಅಡ್ಯಾಡಿದ್ನಿ ಅಕ್ಕೋರ. ಬೀದ್ಯಾಗ ಬಿದ್ದ ಕೌದಿ ಎಲ್ಲಾರೂ ನೋಡ್ಯಾರ. ಈಗ ನಗತಾರ. ಮುದುಕಿ ದೊಡ್ಡ ಮಂದಿ ಹೆಸರ ಹೇಳಿ ಬಡಾಯಿ ಕೊಚ್ಚಿದ್ಲು ಅಂತಾರ."

ನಾನು ಕುರ್ಚಿಯ ಮೇಲೆ ಕೂತೇ ಇದ್ದೆ. ಇಷ್ಟು ದಿನ ನಾಚಿಕೆಪಟ್ಟದ್ದು ಕೌದಿ ಶೀಟಿನ ಮೇಲೆ ಹೋದದ್ದಕ್ಕೆ. ಅದು ಸಣ್ಣದು. ನನ್ನ ಬಾಯಿಂದ ಬಂದ ಒಂದು ಸಿಹಿ ಮಾತನ್ನು ಅವರು ನಂಬಿ, ಮೂರು ವಾರ ಸುಖವಾಗಿದ್ದರು. ನಮಗೆ ಅವರ ಕೈ ಬೇಕಿತ್ತು, ಅವರ ಅರಿವೆ ಬೇಡವಾಗಿತ್ತು. ಅತ್ತೆ ಅದನ್ನು ಎದುರಿಗೆ ಹೇಳಿದರು, ನಾನು ಸುಳ್ಳಿನಲ್ಲಿ ಸುತ್ತಿ ಕೊಟ್ಟೆ.

ಕೌದಿ ತೆಗೆದು ಮುಂದಿಟ್ಟೆ. ಅವರು ಅದನ್ನು ತೊಡೆಯ ಮೇಲೆ ಎಳೆದುಕೊಂಡರು.

"ನಿಮ್ಮ ಕೂಸಿನ ಮ್ಯಾಲೆ ನನಗೇನ ಸಿಟ್ಟಿಲ್ಲ, ಎರೀತೀನಿ. ಆದ್ರ ಮೊದ್ಲ ನೀವು ನಮ್ಮ ಹೆಣ್ಮಕ್ಕಳ ಮುಂದ ಬಂದ ಹೇಳ್ರಿ, ಫಕೀರವ್ವ ಸುಳ್ಳ ಹೇಳಿಲ್ಲ ಅಂತ. ಅಷ್ಟ ಸಾಕು."

ಮನೆಗೆ ಬಂದು ಹೇಳಿದರೆ ಇವರು ಕೆಂಡವಾದರು. "ಅವರ ಓಣ್ಯಾಗ ನಿಂತು ನಾ ಸುಳ್ಳಿ ಅನ್ನಾಕಿಯೇನು? ನಾಳೆ ಊರಾಗ ತಲಿ ಎತ್ತಿ ಅಡ್ಯಾಡೂದು ಬ್ಯಾಡೇನು?"

ಜುಲೈ 31, ಗುರುವಾರ

ನಿನ್ನೆ ಸೌಂದರ್ಯಾ ಬಂದಳು. ಇವತ್ತು ಕೂಸಿಗೆ ನಾನೇ ಎರೆದೆ. ಕಾಲ ಮೇಲೆ ಹಾಕಿಕೊಂಡರೆ ಜಾರುತ್ತದೆ. ಕೂಸು ನೀಲಿಗಟ್ಟುವಂತೆ ಅತ್ತಿತು. ಸೌಂದರ್ಯಾ ಹಾಸಿಗೆಯಿಂದಲೇ, "ಬಿಡ ಅವ್ವಾ, ನಿನಗ ಬರಂಗಿಲ್ಲ" ಎಂದಳು.

ಮಳೆ ಇದೆ. ಮಾಂತೇಶ ಮಾಡಿದ ಕೆಲಸ ಒಳ್ಳೆಯದು, ಮೇಲೆ ಜಿನುಗಿದಷ್ಟೇ ಸದ್ದು. ಕೂಸು ಬಿಕ್ಕುವುದು ಅಡಿಗೆಮನೆಯವರೆಗೂ ಕೇಳುತ್ತದೆ.

ನಾಳೆ ಹೋಗುತ್ತೇನೆ.

ಆಗಸ್ಟ್ 1, ಶುಕ್ರವಾರ

ಹೋಗಲಿಲ್ಲ. ಓಣಿಯ ತುದಿಯವರೆಗೆ ಹೋಗಿ ತಿರುಗಿ ಬಂದೆ.

ಆಗಸ್ಟ್ 3, ರವಿವಾರ

ಮೊದಲು ಸೌಂದರ್ಯಾಳಿಗೆ ಎಲ್ಲ ಹೇಳಿದೆ, ಮಣಕಾಲಿನ ಸುಳ್ಳನ್ನೂ. ಅವಳು ಕೂಸಿಗೆ ಹಾಲು ಕುಡಿಸುತ್ತ ಕೇಳಿದಳು. ಮುಗಿದ ಮೇಲೆ ನನ್ನ ಕಡೆ ನೋಡದೆ, "ಹೋಗಿ ಬಾ" ಎಂದಳು. ಇವರು ಒಳಗಿನಿಂದ ಹೊರಗೆ ಬರಲಿಲ್ಲ.

ಮಳೆಗೆ ಹೊಲದ ಕೆಲಸ ನಿಂತಿದೆ. ಅವರ ಓಣಿಯ ಸಮುದಾಯ ಭವನದ ಕಟ್ಟೆಯ ಮೇಲೆ ಎಂಟು ಹತ್ತು ಹೆಂಗಸರು ಸುತ್ತ ಕೂತು ಒಂದು ದೊಡ್ಡ ಕೌದಿ ಹೊಲಿಯುತ್ತಿದ್ದರು. ಫಕೀರವ್ವ ಒಂದು ಮೂಲೆ ಹಿಡಿದಿದ್ದರು, ಪಕ್ಕದಲ್ಲಿ ಮಲ್ಲಮ್ಮ. ನಾನು ಹೋಗಿ ಅವರ ನಡುವೆ ಕೂತೆ. ಸೂಜಿಗಳು ನಿಂತವು.

ಇಪ್ಪತ್ತೆಂಟು ವರ್ಷ ನಿಂತು ಪಾಠ ಮಾಡಿದವಳು ಕೂತೇ ಬಾಯಿ ತೆರೆದೆ. ಹೇಳಿದೆ: "ಫಕೀರವ್ವ ಸುಳ್ಳ ಹೇಳಿಲ್ಲ. ನಾ ಹೇಳಿದ್ದನ್ನ ಅವರು ನಂಬಿದ್ರು. ಅವರು ಕೊಟ್ಟ ಕೌದಿ ಮ್ಯಾಲೆ ನನ್ನ ಮಗಳನ್ನ ಒಂದ ದಿನಾನೂ ಮಲಗಿಸಿಲ್ಲ. ನಿಮ್ಮ ಮನೀದು ಅಂತ ನಮ್ಮತ್ತಿ ಅಟ್ಟದ ಮ್ಯಾಲೆ ಇಟ್ರು."

ಮುಗಿಯಿತು ಎಂದುಕೊಂಡೆ. ಆಗ ಮಲ್ಲಮ್ಮ ದಾರ ಹಲ್ಲಿನಿಂದ ಕಡಿದು ಕೇಳಿದಳು: "ನಿಮ್ಮತ್ತಿ ಹೋಗಿ ಹನ್ನೊಂದ ವರ್ಷ ಆತಲ್ರಿ ಅಕ್ಕೋರ? ಆಮ್ಯಾಲೆ ಯಾರ ಇಟ್ಟಿದ್ರು?"

"ನಾನ" ಎಂದೆ. "ನಾನ ಇಟ್ಟಿದ್ದೆ. ಪತ್ರಾಸಿನ ಮ್ಯಾಲೆ ಹಾಸಾಕ ಎತ್ತಿ ಕೊಟ್ಟಾಕಿನೂ ನಾನ. ಅದು ಯಾವ ಕೌದಿ ಅಂತ ನನಗ ಗೊತ್ತಿತ್ತು."

ತುದಿಯಲ್ಲಿ ಕೂತ ಒಬ್ಬಾಕೆ ಉಸಿರು ಬಿಟ್ಟಳು. ಇನ್ನೊಬ್ಬಳು ಎದ್ದು ಹೋದಳು. ನನ್ನ ಕಣ್ಣಲ್ಲಿ ನೀರು ಬಂತು, ಯಾರೂ ಅದನ್ನು ಒರೆಸಿಕೊಳ್ಳಿರಿ ಎನ್ನಲಿಲ್ಲ. ಫಕೀರವ್ವ ಮಾತ್ರ ತಲೆ ಎತ್ತಿ ಸುತ್ತಲಿನವರನ್ನು ಒಬ್ಬೊಬ್ಬರನ್ನಾಗಿ ನೋಡಿದರು, ಕೇಳಿದಿರಾ ಎನ್ನುವಂತೆ. ಆಮೇಲೆ ಸೂಜಿ ಎತ್ತಿಕೊಂಡರು.

ನಾನು ಧೈರ್ಯ ಮಾಡಿ ಕೇಳಿದೆ: "ಆ ಸಣ್ಣ ಕೌದಿ ಕೊಡ್ರಿ ಫಕೀರವ್ವಾ. ಮೊಮ್ಮಗಳನ್ನ ಅದರ ಮ್ಯಾಲ ಮಲಗಸ್ತೀನಿ."

"ಅದನ್ನ ಒಂದ ಸಲ ಕೊಟ್ಟಾಗೈತ್ರಿ" ಎಂದರು.

ಸಿಟ್ಟಿನಿಂದ ಅನ್ನಲಿಲ್ಲ. ನಾಲ್ಕು ಹೊಲಿಗೆ ಹಾಕಿದ ಮೇಲೆ, "ನಾಳೆ ಏಳಕ್ಕ ಬರ್ತೀನಿ. ನೀರ ಕಾಸಿಡ್ರಿ" ಎಂದರು.

ಆಗಸ್ಟ್ 4, ಸೋಮವಾರ

ಆರಕ್ಕೇ ನೀರು ಕಾಸಿಟ್ಟೆ. ಏಳಕ್ಕೆ ಬಂದರು. ಜಿಟಿಜಿಟಿ ಮಳೆ ಇತ್ತು. ಅಂಗಳದ ಕಲ್ಲಿನ ಹತ್ತಿರ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಎರೆದರು. ಕೂಸು ಅಳಲಿಲ್ಲ. ನಾನು ಚರಗಿಯಿಂದ ನೀರು ಹೊಯ್ದೆ.

ಎರೆದು ಮುಗಿಸಿ, ಕೂಸನ್ನು ಎದೆಗೆ ಆನಿಸಿಕೊಂಡು, ಸುತ್ತುವ ಅರಿವೆಗಾಗಿ ನನ್ನ ಕಡೆ ಕೈ ಚಾಚಿದರು. ಅಂಗಡಿಯಿಂದ ತಂದ ಹೊಸ ಟವೆಲ್ಲು ಕೊಟ್ಟೆ. ಕೌದಿ ಅವರ ಮನೆಯಲ್ಲಿತ್ತು; ಕೂಸಿಗೆ ಸುತ್ತಲು ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ.